ಓದದೆ ಹಂಚಿದ ನೋಟೀಸು

ಬ್ರಿಟಿಷರ ಕಾಲದ ಪುಣೆಯಲ್ಲಿ ಶಾಲೆಗೆ ಬಾರದ ಮಕ್ಕಳ ಮನೆಗೆ ನೋಟೀಸು ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಅದು ಮರಾಠಿಯವರು ಆಗ ಬಳಸುತ್ತಿದ್ದ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿ ಇರುತ್ತಿತ್ತು. ಧಾರವಾಡದಿಂದ ಬಂದ ನನಗೆ ಆ ಲಿಪಿ ಓದಲು ಬಾರದೆಂಬುದನ್ನು ಯಾರಿಗೂ ಹೇಳಿರಲಿಲ್ಲ.

ಕನ್ನಡದವರ ಒಂದು ಮನೆಯಲ್ಲಿ ತಾಯಿ ರೊಟ್ಟಿ ಬಡಿಯುತ್ತಿದ್ದರು. ಎಂಟು ವರ್ಷದ ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಳು.

"ಮಗಳನ್ನ ಸಾಲಿಗೆ ಕಳಸ್ರಿ, ಇಲ್ಲಾಂದ್ರ ದಂಡ ಬೀಳತದ" ಎಂದು ಗದರಿಸಿದೆ.

"ಕನ್ನಡ, ಮೋಡಿ ಎರಡೂ ಇಲ್ಲೇ ಕಲೀತಾಳ್ರಿ. ಹಸಿವಾದ್ರ ಬಿಸಿ ರೊಟ್ಟಿ, ಬ್ಯಾಸರಾದ್ರ ಆಟ. ಛಡಿ ಏಟಂತೂ ಇಲ್ಲ" ಎಂದರು ತಾಯಿ.

ಅಷ್ಟರಲ್ಲಿ ಹುಡುಗಿ ನನ್ನ ಕೈಯಿಂದ ನೋಟೀಸು ಇಸಕೊಂಡು ಪಟಪಟ ಓದಿದಳು. "ಮನ್ಯಾಗ ಕಲಿಯೋ ಮಕ್ಕಳಿಗೆ ದಂಡ ಇಲ್ಲಂತ ಬರದಾರ್ರಿ, ಕಾಕಾ."

ಇದೇ ಕಾಗದ ಹಿಡಿದು ಎಷ್ಟು ಮನೆಯವರನ್ನು ಹೆದರಿಸಿದ್ದೆ!

"ನೀವು ಯಾವ ಸಾಲ್ಯಾಗ ಕಲ್ತೀರಿ, ಕಾಕಾ?"

ಆ ಶಾಲೆಯ ಹೆಸರು ಕೆಡಿಸುವುದು ಬೇಡವೆಂದು ಚಪ್ಪಲಿ ಮೆಟ್ಟಿ ಹೊರಟುಬಂದೆ.