ದಿನಕ್ಕೆರಡು ಸಲ ಎಮ್ಮೆಯ ಸ್ನಾನ

“ಮನಸ್ಸಿಗೆ ಏನೋ ಆಗುತ್ತಿರುತ್ತದೆ, ಅದು ದುಃಖವೋ ಸಿಟ್ಟೋ ನನಗೇ ತಿಳಿಯುವುದಿಲ್ಲ.” ಮಸಗುಪ್ಪಿಯ ರೈತ ಬಸಪ್ಪ ಕಾಕಾ ಅವರ ಮನೆಯ ಕಟ್ಟೆಯ ಮೇಲೆ ಕೂತು ನನ್ನ ಪ್ರಶ್ನಾವಳಿಯ ಈ ವಾಕ್ಯವನ್ನು ಅವರಿಗೆ ಮೂರನೆಯ ಸಲ ಓದಿ ಹೇಳಿದೆ. ಒಂದು ಎಂದರೆ ಹಾಗೆ ಆಗುವುದೇ ಇಲ್ಲ, ಐದು ಎಂದರೆ ಯಾವಾಗಲೂ ಆಗುತ್ತದೆ. ಅವರು ಒಂದು ಅಂಕಿ ಹೇಳಿದರೆ ಸಾಕಿತ್ತು. ತಮ್ಮ ಭಾವನೆ ತಮಗೇ ಗುರುತಾಗದ ಕಷ್ಟವನ್ನು ಅಳೆಯುವುದು ಮನಃಶಾಸ್ತ್ರದಲ್ಲಿ ನನ್ನ ಸಂಶೋಧನೆ.

“ನನಗೇನೂ ಆಗಿಲ್ರಿ. ಒಂದ ಅಂತ ಬರಕೋರಿ,” ಎಂದರು ಕಾಕಾ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಮಗಳು ಕಣಗಲಾ ಊರಿಗಿ ಗಂಡನ ಮನಿಗಿ ಹೋದಾಗಿಂದ ಇವರು ದಿನಕ್ಕ ಎರಡ ಸಲ ಎಮ್ಮಿ ಮೈ ತೊಳಿಯಾಕತ್ತಾರ. ಅದಕ್ಕ ಎಷ್ಟ ನಂಬರ ಹಾಕ್ತಿ, ತಂಗಿ?”

ಕಾಕಾ ಎದ್ದು, ಬಕೆಟ್ ತೆಗೆದುಕೊಂಡು ಕೊಟ್ಟಿಗೆಗೆ ನಡೆದರು. ಎಮ್ಮೆ ಆಗಲೇ ಹೊಳೆಯುತ್ತಿತ್ತು.

ಬೇರೆಯವರು ಹೇಳಿದ ಉತ್ತರವನ್ನು ನಾವು ಬರೆದುಕೊಳ್ಳುವಂತಿಲ್ಲ. ಕಾಕಾ ಅವರ ಹಾಳೆಯಲ್ಲಿ ಒಂದು ಎಂದೇ ಇದೆ. ಆದರೆ ಈಗೀಗ, ನಾನು ಓದಲು ಬಿಟ್ಟುಬಂದ ಘಟಪ್ರಭಾದ ಮನೆಯಿಂದ ಅವ್ವ ಫೋನಿನಲ್ಲಿ “ನಿಮ್ಮಪ್ಪ ಆರಾಮ ಅದಾರ” ಎಂದರೆ, ಅಪ್ಪ ಇವತ್ತು ತಮ್ಮ ಸ್ಕೂಟರ್ ಎಷ್ಟು ಸಲ ಒರೆಸಿದರು ಎಂದು ಕೇಳುತ್ತೇನೆ.