ಊರಿನ ಹೆಸರು ಬೇಡ ಎಂದವರು

ಅಮೆರಿಕದ ಯೂನಿಯನ್ ಸಿಟಿಯ ಆಫೀಸಿನಲ್ಲಿ ಕೂತು ಸುಂಟರಗಾಳಿಗಳನ್ನು ದಾಖಲು ಮಾಡುವುದು ನನ್ನ ಕೆಲಸ. ಆ ಸಲ ದೂರದ ಬಯಲು ರಾಜ್ಯಗಳಲ್ಲಿ ದಿನಗಟ್ಟಲೆ ಗಾಳಿ ನಿಲ್ಲಲೇ ಇಲ್ಲ. ಒಂದರ ವಿವರ ಬರೆದು ಮುಗಿಸುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಕೊನೆಗೆ ಇಡೀ ಸರಣಿಗೆ ಒಂದು ಹೆಸರು ಬೇಕಾಯಿತು. ಹೆಚ್ಚು ಹಾನಿಯಾದ ಊರಿನ ಹೆಸರನ್ನೇ ಇಡೋಣ ಎಂದರು ಮ್ಯಾನೇಜರು.

ವಿವರ ಕೇಳಲು ಆ ಊರಿನ ಶಾಲೆಯ ಪ್ರಿನ್ಸಿಪಾಲ್ ಮೇಡಂಗೆ ಫೋನ್ ಮಾಡಿದೆ. ಶಾಲೆಯ ಸೂರೇ ಹಾರಿಹೋಗಿದ್ದನ್ನು ಸಮಾಧಾನದಿಂದ ಹೇಳಿದರು. ಹೆಸರಿನ ವಿಷಯ ತೆಗೆದಾಗ ಮಾತ್ರ ದನಿ ಗಟ್ಟಿಯಾಯಿತು.

“ಬೇಡ,” ಎಂದರು. “ನಮ್ಮ ಮಕ್ಕಳು ಎಲ್ಲಿಗೆ ಹೋದರೂ ಯಾವೂರು ಅಂತ ಕೇಳ್ತಾರೆ. ಹೇಳಿದ ತಕ್ಷಣ ಅಯ್ಯೋ ಪಾಪ ಅನ್ನಿಸಿಕೊಳ್ಳೋದು ಬೇಡ.”

ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. ಆದರೂ ಮೀಟಿಂಗಿನಲ್ಲಿ ಅವರ ಪರವಾಗಿ ಮಾತಾಡಿದೆ. “ಸರಿ ಬಿಡಿ, ತಿಂಗಳು, ವರ್ಷ ಹಾಕಿ,” ಎಂದರು ಮ್ಯಾನೇಜರು. ಅವರಿಗೂ ಸುಸ್ತಾಗಿತ್ತು.

ಮರುವಾರ, ಅದೇ ತಿಂಗಳಲ್ಲೇ, ಇನ್ನೊಂದು ಸರಣಿ ಶುರುವಾಯಿತು. ಹಳೆಯದರ ಹೆಸರಿನ ಕೊನೆಗೆ ‘ಒಂದು’, ಹೊಸದಕ್ಕೆ ‘ಎರಡು’ ಎಂದು ಸೇರಿಸಿದೆ. ಈ ಸಲ ಯಾವ ಊರಿನ ಹೆಸರಿಡೋಣ ಎಂದು ಮ್ಯಾನೇಜರು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.