ಆಳು ಆರಿಸುವ ಮರುಳಪ್ಪನವರು

ಕೊಟ್ಟೂರಿನ ಶೇಂಗಾ ದಲಾಲಿ ಮರುಳಪ್ಪನವರಿಗೆ ತಮ್ಮ ಕಣ್ಣಿನ ಮೇಲೆ ಇದ್ದಷ್ಟು ಭಕ್ತಿ ಯಾವ ದೇವರ ಮೇಲೂ ಇರಲಿಲ್ಲ. ಚೀಲದೊಳಗೆ ಕೈ ಇಳಿಬಿಟ್ಟು ಒಂದು ಹಿಡಿ ಶೇಂಗಾ ತೆಗೆದು, ನಾಲ್ಕು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಇಡೀ ಚೀಲದ ಹಣೆಬರಹ ಹೇಳಿಬಿಡುವರು. ಅದರಲ್ಲಿ ತಪ್ಪುತ್ತಿದ್ದುದು ಅಪರೂಪ, ಸುಳ್ಳು ಯಾಕೆ ಹೇಳಬೇಕು. ಆದರೆ ಲೋಕದಲ್ಲಿರುವುದೆಲ್ಲ ಶೇಂಗಾ ಚೀಲವೇ ಎಂದು ನಂಬಿದ್ದರಲ್ಲ, ತೊಂದರೆ ಬಂದದ್ದು ಅಲ್ಲಿ. ಮಗಳು ಶೈಲಾಗೆ ಗಂಡನನ್ನು ಆರಿಸಿದ್ದೂ ಹೀಗೆಯೇ, ಹುಡುಗ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ. ಆ ಅಳಿಯ ಹರಪನಹಳ್ಳಿಯಲ್ಲಿ ತನ್ನದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾನೆ. ಹೆಂಡತಿ ನಾಗಲಿಂಗಮ್ಮ ಆ ಮಾತು ಎತ್ತಿದರೆ ಇವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಹೊರಗೆ ಹೋಗುತ್ತಿದ್ದರು.

ಇಂಥ ಮಹಾನುಭಾವರು ಕೊಟ್ಟೂರು ಕಬಡ್ಡಿ ತಂಡಕ್ಕೆ ಆಟಗಾರರನ್ನು ಆರಿಸುವವರು. ತೊಂಬತ್ತರ ದಶಕದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿಗಳ ವರ್ತಕರು ಸೇರಿ, ಸುಗ್ಗಿ ಮುಗಿದ ಮೇಲೆ ಐದೂರಿನ ಕಪ್ ಅಂತ ಆಡಿಸುತ್ತಿದ್ದರು. ಅದಕ್ಕೊಂದು ಪದ್ಧತಿ ಇತ್ತು. ಪಂದ್ಯಕ್ಕೆ ಮುಂಚೆ ಒಂದು ದಿನ ಸುತ್ತಲ ಹಳ್ಳಿಯ ಆಟಗಾರರೆಲ್ಲ ಕೂಡ್ಲಿಗಿಯ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು. ಎದುರಿಗೆ ಐದು ಕುರ್ಚಿ, ಊರಿಗೊಂದು. ಹಿಂದಿನ ವರ್ಷ ಕಡೆಗೆ ಬಿದ್ದ ಊರಿಗೆ ಮೊದಲ ಸರದಿ, ಆಮೇಲೆ ಒಬ್ಬೊಬ್ಬರಾಗಿ ಬೆರಳು ಮಾಡಿ ಬೇಕಾದವನನ್ನು ಕರೆದುಕೊಳ್ಳಬೇಕು. ಆರಿಸುವ ಮುಂಚೆ ಪ್ರತಿಯೊಬ್ಬನೂ ಕುರ್ಚಿಗಳ ಮುಂದೆ ನಿಂತು ಹೆಸರು ಹೇಳಿ, ಒಂದೇ ಒಂದು ರೈಡ್ ಮಾಡಿ ತೋರಿಸಬೇಕು. ಒಂದೇ ಯಾಕೆ? ಒಂದು ಹಿಡಿ ಸಾಕು ಎಂದು ಮರುಳಪ್ಪನವರು ಅಪ್ಪಣೆ ಕೊಡಿಸಿದ್ದರು. ಊಟ ಆರುತ್ತದೆಂದು ಉಳಿದವರೂ ಹೂಂ ಅಂದಿದ್ದರು.

ಎಷ್ಟೋ ವರ್ಷದ ಹಿಂದೆ ಬೊಮ್ಮಪ್ಪ ಎಂಬವನನ್ನು ಇವರು ಆರಿಸಿ, ಅವನ ದೆಸೆಯಿಂದ ಕೊಟ್ಟೂರಿಗೆ ಕಪ್ ಬಂದಿತ್ತು. ಆ ಬೊಮ್ಮಪ್ಪನ ಕಥೆ ಕೇಳದ ಅಂಗಡಿ ಊರಲ್ಲಿ ಇರಲಿಲ್ಲ. ಅವನಾದ ಮೇಲೆ ಆರಿಸಿದ ದಂಡು ಏನಾಯಿತು ಎಂದು ಕೇಳಿದರೆ ಒಬ್ಬನಿಗೆ ಹೊಟ್ಟೆ ಸರಿಯಿರಲಿಲ್ಲ, ಇನ್ನೊಬ್ಬನಿಗೆ ಯಾರೋ ಮಾಟ ಮಾಡಿಸಿದ್ದರು. ಗೆದ್ದವನು ಇವರ ಕಣ್ಣಿನಿಂದ ಗೆದ್ದ, ಸೋತವನು ತನ್ನ ಕರ್ಮದಿಂದ ಸೋತ. ಹೀಗೆ ಲೆಕ್ಕ ಹಾಕಿದರೆ ನಮ್ಮ ಓಣಿಯ ಕುರುಡನೂ ಆಳು ಆರಿಸಬಹುದು.

ಇವರ ಅಂಗಡಿಯಲ್ಲೇ ಹಮಾಲಿ ಮಾಡುತ್ತಿದ್ದ ಗಾಳೆಪ್ಪನ ಮಗ ಮಾರೇಶ್ ಒಳ್ಳೆಯ ಆಟಗಾರ. ಆ ಸಾಲಿನಲ್ಲಿ ಎರಡು ಸಲ ನಿಂತಿದ್ದ. ಮೊದಲ ಸಲ ಅವನ ಒಂದು ರೈಡ್ ಕೆಟ್ಟಿತು. ಎರಡನೇ ಸಲ ಅವನ ಸರದಿ ಬಂದಾಗ ಮರುಳಪ್ಪನವರು ಸೋಡಾ ಕುಡಿಯುತ್ತಿದ್ದರು. ಕೇಳಿದವರಿಗೆ ತೊಡೆಯಲ್ಲಿ ಕಸುವಿಲ್ಲ ಅಂದರು. ತೊಡೆಯಂತೆ, ಕಸುವಂತೆ! ಅವರ ಆ ದೊಡ್ಡ ಕಣ್ಣು ಗಾಳೆಪ್ಪನ ಕೇರಿಯ ಬಾಯಿಯವರೆಗೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಕಾನಹೊಸಹಳ್ಳಿ ಕಡೆಯ ಅರುಣಕುಮಾರ್ ಎಂಬ ದೈಹಿಕ ಶಿಕ್ಷಕ ತಂಡಕ್ಕೆ ಆಟ ಕಲಿಸಲು ಬಂದ. ಆ ವರ್ಷ ಕೊಟ್ಟೂರು ಎಲ್ಲರಿಗಿಂತ ಕೆಳಗೆ ಬಿದ್ದಿತ್ತು. ತಂಡದ ಕಮಿಟಿಯವರು ಕೂತಾಗ ಅವನು, ನಮ್ಮ ಆಯ್ಕೆ ಚಲೋ ಐತೋ ಇಲ್ಲೋ ಅಂತ ಅಳೆಯುವುದು ಹೇಗೆ ಎಂದು ಕೇಳಿದ. ಮರುಳಪ್ಪನವರು ಬೊಮ್ಮಪ್ಪನ ಕಥೆ ಶುರು ಮಾಡಿದರು.

"ಅದಲ್ರಿ ಸಾಹುಕಾರ್ರ," ಎಂದ ಮೇಷ್ಟ್ರು. "ಮೊದಲ್ನೇ ಸರದ್ಯಾಗ ಎಲ್ಲಾರ ಕಣ್ಣಿಗೂ ಬೀಳೋನನ್ನ ಕರಕೊಂಡ್ರ ಅದೇನು ದೊಡ್ಡ ಆಯ್ಕೆ ಅಲ್ರಿ. ಕಡೀ ಸರದ್ಯಾಗ ಯಾರನ್ನ ಹಿಡಿದ್ರಿ, ನೀವು ಬ್ಯಾಡ ಅಂದೋರು ಬ್ಯಾರೆ ಊರಿಗೆ ಹೋಗಿ ಹೆಂಗ ಆಡಿದ್ರು, ಅದನ್ನೂ ನೋಡ್ಬೇಕ್ರಿ."

"ಬ್ಯಾಡ ಅಂದ ಚೀಲಾನ ಯಾರಾರ ಬಿಚ್ಚಿ ನೋಡ್ತಾರೇನ್ರಿ ಮಾಸ್ತರ?" ಎಂದು ಮರುಳಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ನಕ್ಕು ಸುಮ್ಮನಾಗಿದ್ದರೆ ಬದುಕುತ್ತಿದ್ದರು. ಹುಮ್ಮಸ್ಸಿನಲ್ಲಿ, ಈ ಸಲ ತಾವು ಬಿಟ್ಟವನು ತಾವು ಹಿಡಿದವರನ್ನು ಮೀರಿಸಿದರೆ ಮತ್ತೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದುಬಿಟ್ಟರು. ಕಮಿಟಿಯವರು ಆಗಲಿ ಆಗಲಿ ಎಂದು ಕೂಡಲೇ ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಮರುಳಪ್ಪನವರಿಗೆ ಹೊಳೆಯಲೇ ಇಲ್ಲ. ಆ ಕುರ್ಚಿ ಹೋದರೆ ತಾವು ಊರಲ್ಲಿ ಬರೀ ಶೇಂಗಾ ದಲಾಲಿ, ಅದು ಮಾತ್ರ ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು.

ಆಯ್ಕೆಯ ದಿನ ಮೊದಲ ಸರದಿ ಕೊಟ್ಟೂರಿನದು. ಹರಪನಹಳ್ಳಿ ಕಡೆಯ ಪಕ್ಕೀರಪ್ಪ ಎಂಬ ಪೈಲ್ವಾನ ತನ್ನ ಒಂದು ರೈಡಿನಲ್ಲಿ ಇಬ್ಬರನ್ನು ಮೈಭಾರದಿಂದಲೇ ಕೆಡವಿದ. ಮರುಳಪ್ಪನವರ ಬೆರಳು ತಾನಾಗಿ ಎದ್ದಿತು. ಮಾರೇಶನನ್ನು ಅವನಿಗಿದ್ದ ಒಂದೇ ರೈಡಿನಲ್ಲಿ ಕಾಲು ಹಿಡಿದು ಕೆಡವಿದರು, ಹಾಗಾಗಿ ಅವನು ಕೊನೆಯವರೆಗೂ ಬಿಸಿಲಲ್ಲಿ ನಿಂತೇ ಇದ್ದ. ಹಡಗಲಿಯವರು ಮಾತ್ರ ಕುರ್ಚಿಯಲ್ಲಿ ಯಾರು ಕೂರಬೇಕೆಂದು ತಮ್ಮತಮ್ಮಲ್ಲೇ ಕಿತ್ತಾಡಿ ಸರದಿಗಳನ್ನೆಲ್ಲ ಕಳೆದುಕೊಂಡರು. ಎಲ್ಲರೂ ಆರಿಸಿ ಉಳಿದವರೇ, ಮಾರೇಶನೂ ಸೇರಿ, ಅವರ ಪಾಲಿಗೆ ಬಂದರು. ಹಡಗಲಿಯೋರು ಬಾಡಿದ ಹೂವು ಕಟ್ಟಿಕೊಂಡು ಹೊಂಟ್ರು ಎಂದು ಮರುಳಪ್ಪನವರು ಎಲ್ಲರಿಗೂ ಕೇಳುವಂತೆ ಅಂದರು.

ಪಂದ್ಯ ಹಗರಿಬೊಮ್ಮನಹಳ್ಳಿಯಲ್ಲಿ. ಪಕ್ಕೀರಪ್ಪ ಪ್ರತಿ ಆಟದಲ್ಲೂ ಮೊದಲ ರೈಡಿಗೆ ಹುಲಿ, ಎರಡನೆಯದಕ್ಕೆ ಏದುಸಿರು, ಮೂರನೆಯದಕ್ಕೆ ನೀರು ಕೊಡ್ರಿ ಎನ್ನುವವನು. ಮಾರೇಶನದು ಇನ್ನೊಂದು ರೀತಿ. ಮೊದಲ ರೈಡಿನಲ್ಲಿ ಸಿಕ್ಕಿಬೀಳುತ್ತಿದ್ದ. ಹಾಗೆ ಬಿದ್ದಾಗಲೇ ಯಾರು ಪಾದಕ್ಕೆ ಬರುತ್ತಾರೆ, ಯಾರು ಸೊಂಟಕ್ಕೆ ಬರುತ್ತಾರೆ ಎಂದು ತಿಳಿದುಕೊಳ್ಳುತ್ತಿದ್ದ. ಆಮೇಲೆ ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಒಂದೇ ರೈಡ್ ನೋಡಿದವನಿಗೆ ಅದು ಯಾವ ಜನ್ಮದಲ್ಲಿ ತಿಳಿಯಬೇಕು? ಬಾಡಿದ ಹೂವಿನವರು ಗೆದ್ದು ಗೆದ್ದು ಫೈನಲ್ಲಿಗೆ ಬಂದರು. ಕೊಟ್ಟೂರೂ ಹೇಗೋ ಕುಂಟುತ್ತ ಬಂತು.

ಫೈನಲ್ಲಿನಲ್ಲಿ ಮಾರೇಶ್ ಮೊದಲ ಸಲ ಸಿಕ್ಕಿಬಿದ್ದಾಗ ಮರುಳಪ್ಪನವರು ತೊಡೆ ತಟ್ಟಿ ಮೇಷ್ಟ್ರ ಕಡೆ ನೋಡಿದರು. ಅದೇ ಕೊನೆ. ಅಲ್ಲಿಂದ ಮುಂದೆ ಅವನು ಹೋದಾಗಲೆಲ್ಲ ಒಬ್ಬನನ್ನೋ ಇಬ್ಬರನ್ನೋ ಮುಟ್ಟಿ ಬಂದ. ಪಕ್ಕೀರಪ್ಪ ಬೇಲಿಯ ಪಕ್ಕ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದ. ಕಪ್ ಹಡಗಲಿಗೆ ಹೋಯಿತು. ತಂಡ ಸೋತದ್ದು ಮರುಳಪ್ಪನವರಿಗೆ ಅಷ್ಟು ನೋಯಲಿಲ್ಲ, ನೋಯಿಸಿದ್ದು ಕುರ್ಚಿ ಹೋದದ್ದು.

ಆದರೆ ಇಂಥವರಿಗೆ ಇಂಥ ಹೊತ್ತಿನಲ್ಲೇ ಬುದ್ಧಿ ಓಡುವುದು. ಹುಡುಗ ಕೊಟ್ಟೂರಿನವನಲ್ಲವೇ? ಕೊಟ್ಟೂರಿನವನಾದರೆ ತಮ್ಮವನೇ ಆಯಿತು. ಪಂಚೆ ಸರಿಮಾಡಿಕೊಂಡು ಅಂಕಣಕ್ಕೇ ನುಗ್ಗಿ ಮಾರೇಶನ ಹೆಗಲ ಮೇಲೆ ಕೈ ಹಾಕಿದರು. ಜೀವಮಾನದಲ್ಲಿ ಆ ಮನೆಯವರ ಮೈ ಮುಟ್ಟಿದ್ದು ಅದೇ ಮೊದಲು.

"ಇವ ನಮ್ಮೂರ ಹುಡುಗ," ಎಂದು ಕಮಿಟಿಯವರಿಗೆ ಹೇಳಿದರು. "ಮೊದಲಿಂದ್ಲೂ ಇವನ ಮ್ಯಾಲ ನನ್ನ ಕಣ್ಣು ಐತಿ. ಸಿಟ್ಟು ಬಂದು ಚಲೋ ಆಡ್ಲಿ ಅಂತ ಬೇಕಂತನ ಬಿಟ್ಟಿದ್ದೆ."

ಕಮಿಟಿಯ ಪಂಚಾಕ್ಷರಪ್ಪ ತಲೆಯಾಡಿಸಿದ. ಹೀಗೆ ತಲೆಯಾಡಿಸುವವರು ಎಲ್ಲ ಕಮಿಟಿಯಲ್ಲೂ ಇರುತ್ತಾರೆ. ನಾಲ್ಕು ಜನ ಹೌದೇನೋ ಎಂದುಕೊಳ್ಳುವಷ್ಟರಲ್ಲಿ ಮೈಕಿನವನು ಖುಷಿಯಾಗಿ, ಹಂಗಾರ ಒಳ್ಳೆ ಆಟಗಾರನ ಹೆಸರು ನೀವ ಕೂಗ್ರಿ ಸಾಹುಕಾರ್ರ, ಎಂದು ಮೈಕು ಅವರ ಕೈಗೇ ಕೊಟ್ಟ.

ಮರುಳಪ್ಪನವರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಮೇಷ್ಟ್ರ ಕಡೆ ನೋಡಿದರು, ಪಂಚಾಕ್ಷರಪ್ಪನ ಕಡೆ ನೋಡಿದರು. ಕೊನೆಗೆ, "ನಮ್ಮ... ಗಾಳೆಪ್ಪನ ಮಗ," ಎಂದರು.

ಮಾರೇಶ್ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಕೆಳಗೆ ಬಿಟ್ಟ.

"ನಂಗೂ ಒಂದು ಹೆಸರು ಐತ್ರಿ ಸಾಹುಕಾರ್ರ," ಎಂದ. "ಮೂರು ವರ್ಸ ನಿಮ್ಮ ಕುರ್ಚಿ ಮುಂದ ನಿಂತು ಹೇಳೀನ್ರಿ."

ಮೈಕು ಇನ್ನೂ ಮರುಳಪ್ಪನವರ ಕೈಯಲ್ಲೇ ಇತ್ತು. ಆ ಮಾತು ಮೈದಾನಕ್ಕೆಲ್ಲ ಕೇಳಿಸಿತು. ಕುರ್ಚಿಯ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ.